ಒಂದೇ ಸಲ ಕರೆಯುವ ಊರು

ಕೋಗಿಲು

ಫ್ರಾನ್ಸಿಗೆ ಹೋಗಿದ್ದೆ ಎಂದ ಕೂಡಲೇ ನಮ್ಮ ಕಡೆಯವರು ಕೇಳುವುದು ಆ ಕಬ್ಬಿಣದ ಗೋಪುರದ ಬಗ್ಗೆ. ನೋಡಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಪ್ಯಾರಿಸ್ಸಿನಲ್ಲಿ ನಾನಿದ್ದದ್ದು ಒಂದು ರೈಲಿಳಿದು ಇನ್ನೊಂದು ಹತ್ತುವಷ್ಟು ಹೊತ್ತು. ಅದರಲ್ಲೂ ಬಹುಪಾಲು ಸೂಟ್‌ಕೇಸಿನ ಮುರಿದ ಚಕ್ರದ ಜೊತೆ ಜಗಳವಾಡುವುದರಲ್ಲೇ ಕಳೆದುಹೋಯಿತು. ನಾನು ಹೋಗಿದ್ದು ಲುವಾರ್ ನದಿಯ ದಡದಲ್ಲಿರುವ ಸೊಮ್ಯೂರ್ ಎಂಬ ಸಣ್ಣ ಊರಿಗೆ. ಹೋಗಿದ್ದು ಓದುವುದಕ್ಕೆ. ಅಲ್ಲಿ ಹೆಚ್ಚಾಗಿ ಮಾಡಿದ್ದು ಮಾತ್ರ ಕಾಯುವ ಕೆಲಸ.

ಯಲಹಂಕದ ಒಂದು ಕಾಲೇಜಿನಲ್ಲಿ ಬಿ.ಎ. ಸೇರಿದ್ದೆ. ಫ್ರೆಂಚ್ ಭಾಷೆ, ಸ್ವಲ್ಪ ಸ್ಪ್ಯಾನಿಷ್, ಯುರೋಪಿನ ಅಧ್ಯಯನ, ಸಂಶೋಧನೆ ಮಾಡುವ ಕ್ರಮ, ಜೊತೆಗೆ ಬಿಸಿನೆಸ್ಸಿನ ಓನಾಮ. ಈ ಪಟ್ಟಿ ಹೇಳಿದರೆ ಯಲಹಂಕದ ಮಗ್ಗುಲಲ್ಲೇ ಇರುವ ಕೋಗಿಲಿನ ನಮ್ಮ ಮನೆಯಲ್ಲಿ ಯಾರಿಗೂ ಮುಂದೇನು ಮಾತಾಡಬೇಕೋ ತಿಳಿಯುತ್ತಿರಲಿಲ್ಲ. ದೊಡ್ಡಪ್ಪ ಒಬ್ಬರೇ ಬಿಡದೆ ಕೇಳುತ್ತಿದ್ದರು. "ಡಾಕ್ಟ್ರು ಓದಿದ್ರೆ ಡಾಕ್ಟ್ರು ಅಂತಾರೆ. ಇದ್ನ ಓದಿದ್ರೆ ನಿನ್ನ ಏನಂತಾರಮ್ಮ?" ನನಗೂ ಗೊತ್ತಿರಲಿಲ್ಲ. ಅಪ್ಪ ಮಾತ್ರ ನನ್ನ ಪರ. ಮೊದಲು ದ್ರಾಕ್ಷಿ ತೋಟ ಮಾಡಿಕೊಂಡಿದ್ದ ಅಪ್ಪ, ತೋಟವಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದ ಮೇಲೆ ಅದೇ ಅಪಾರ್ಟ್‌ಮೆಂಟಿನವರಿಗೆ ಪೈಪು, ನಲ್ಲಿ, ಪೇಂಟು ಮಾರುವ ಅಂಗಡಿ ಇಟ್ಟಿದ್ದರು. "ಓದ್ಲಿ ಬುಡಣ್ಣ, ಒಬ್ಬಳಾದ್ರೂ ಬೇರೆ ಏನಾದ್ರೂ ಓದ್ಲಿ," ಎಂದು ಅಣ್ಣನ ಬಾಯಿ ಮುಚ್ಚಿಸಿದ್ದರು.

ಮೂರನೇ ವರ್ಷ ನಮ್ಮಲ್ಲಿ ಕೆಲವರನ್ನು ಒಂದು ಸೆಮಿಸ್ಟರ್ ಮಟ್ಟಿಗೆ ಹೊರದೇಶಕ್ಕೆ ಕಳಿಸುತ್ತಿದ್ದರು. ಅಲ್ಲಿದ್ದು, ಆ ಊರಿನವರೊಡನೆ ಅವರದೇ ಭಾಷೆಯಲ್ಲಿ ಮಾತಾಡಿ, ಒಂದು ಸಂಶೋಧನಾ ಪ್ರಬಂಧ ಬರೆದು ತರಬೇಕು. ಅದಿಲ್ಲದಿದ್ದರೆ ಡಿಗ್ರಿ ಇಲ್ಲ. ನಾನು ಆರಿಸಿಕೊಂಡ ವಿಷಯ ಭಾನುವಾರ ಮಧ್ಯಾಹ್ನದ ಊಟ. ಫ್ರೆಂಚರ ಮನೆಗಳಲ್ಲಿ ಅದು ಗಂಟೆಗಟ್ಟಲೆ ನಡೆಯುತ್ತದೆ, ಮಕ್ಕಳು ಮೊಮ್ಮಕ್ಕಳೆಲ್ಲ ಬಂದು ಕೂರುತ್ತಾರೆ ಎಂದು ಓದಿದ್ದೆ. ನಮ್ಮ ಮನೆಯಲ್ಲೂ ಭಾನುವಾರವೆಂದರೆ ಕೋಳಿ ಸಾರು, ಮುದ್ದೆ, ಹೇಳದೇ ಬರುವ ನೆಂಟರು. ಗೊತ್ತಿರುವ ವಿಷಯ ಎಂದುಕೊಂಡೆ. ಸಂಶೋಧನೆ ಕಲಿಸುವ ಮೇಡಂ ಒಪ್ಪಿದರು, ಆದರೆ ಒಂದು ಮಾತು ಗಟ್ಟಿಯಾಗಿ ಹೇಳಿದರು. "ಯಾರ ಮನೆಗೂ ನೀವಾಗಿ ನುಗ್ಗಬೇಡಿ. ನನ್ನನ್ನ ಊಟಕ್ಕೆ ಕರೀರಿ ಅಂತ ಕೇಳಲೂಬೇಡಿ. ಅವರಾಗಿ ಕರೆದರೆ ಮಾತ್ರ ಹೋಗಿ." ಅಮ್ಮನೂ ಹೊರಡುವಾಗ ಹೆಚ್ಚು ಕಡಿಮೆ ಇದನ್ನೇ ಹೇಳಿದಳು. ಹೀಗೆ ಕಾಲೇಜು, ಮನೆ ಎರಡೂ ಒಂದೇ ಬುದ್ಧಿ ಹೇಳಿ ನನ್ನನ್ನು ವಿಮಾನ ಹತ್ತಿಸಿದವು.

ಮೊದಲ ಸಂಜೆ

ಸೊಮ್ಯೂರಿನ ರೈಲ್ವೆ ಸ್ಟೇಷನ್ ನದಿಯ ಈಚೆ ದಡದಲ್ಲಿದೆ, ಊರು ಆಚೆ ದಡದಲ್ಲಿ. ನಡುವೆ ಒಂದು ದ್ವೀಪ. ಒಂದು ಸೇತುವೆ ದಾಟಿ, ದ್ವೀಪ ದಾಟಿ, ಮತ್ತೊಂದು ಸೇತುವೆ ದಾಟಬೇಕು. ಮುರಿದ ಚಕ್ರದ ಸೂಟ್‌ಕೇಸನ್ನು ಅಷ್ಟು ದೂರ ಎಳೆದುಕೊಂಡು ಹೋದೆ. ಎದುರಿಗೆ ಗುಡ್ಡದ ಮೇಲೆ ಬಿಳಿ ಕೋಟೆ, ಕೆಳಗೆ ಬಿಳಿ ಕಲ್ಲಿನ ಮನೆಗಳು, ಕಪ್ಪು ಸ್ಲೇಟಿನ ಮಾಡುಗಳು. ಚಂದವಿತ್ತು, ಆದರೆ ದಾರಿಯಲ್ಲಿ ನಾಯಿಯೂ ಬೊಗಳಲಿಲ್ಲ. ಯಲಹಂಕದಲ್ಲಿ ಇಷ್ಟು ದೊಡ್ಡ ಪೆಟ್ಟಿಗೆ ಎಳೆದುಕೊಂಡು ಹೊರಟವಳನ್ನು ಕನಿಷ್ಠ ಇಬ್ಬರಾದರೂ "ಎಲ್ಲಿಗಮ್ಮ?" ಎಂದು ಕೇಳುತ್ತಿದ್ದರು.

ಕಾಲೇಜಿನವರು ನನಗೆ ಗೊತ್ತು ಮಾಡಿದ್ದ ಮನೆ ಮದಾಂ ಒಡಿಲ್ ಎಂಬವರದು. ಶಾಲೆಯಲ್ಲಿ ಭೂಗೋಳ ಪಾಠ ಹೇಳಿ ನಿವೃತ್ತರಾದವರು, ಒಂಟಿ ಜೀವ. ಮಗ ಸಂಸಾರದೊಂದಿಗೆ ಹತ್ತಿರದ ಇನ್ನೊಂದು ಊರಿನಲ್ಲಿದ್ದ. ಬೆಳ್ಳಗಿನ ಗಿಡ್ಡ ಕೂದಲು, ನೇರ ಬೆನ್ನು, ಕುತ್ತಿಗೆಗೆ ಸದಾ ಸುತ್ತಿಕೊಂಡ ನೀಲಿ ಸ್ಕಾರ್ಫು. ನನ್ನ ಅಜ್ಜಿಯ ವಯಸ್ಸಿನವರು ನನ್ನನ್ನು ನೀವು ಎಂದು ಮಾತಾಡಿಸಿದಾಗ ಹಿಂದೆ ಇನ್ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡುವ ಹಾಗಾಯಿತು. ಮಹಡಿಯ ಮೇಲೆ ನನ್ನ ಕೋಣೆ. ಮೂಲೆಯಲ್ಲಿ ಒಂದು ಪುಟ್ಟ ಕರೆಂಟ್ ಒಲೆ.

ನಾನು ಕೈಕಾಲು ತೊಳೆದು ಬರುವ ಹೊತ್ತಿಗೆ ಕೆಳಗೆ ಅಡುಗೆಮನೆಯಿಂದ ಸೂಪಿನ ವಾಸನೆ ಬರುತ್ತಿತ್ತು. ವಿಮಾನದಲ್ಲಿ ಕೊಟ್ಟದ್ದನ್ನು ಅರ್ಧ ಬಿಟ್ಟಿದ್ದೆ. ಹೊಟ್ಟೆ ಚುರುಗುಟ್ಟುತ್ತಿತ್ತು.

"ಸೂಪ್ ಮಾಡಿದ್ದೇನೆ, ನನ್ನ ಜೊತೆ ಊಟ ಮಾಡುತ್ತೀರಾ?" ಎಂದರು ಮದಾಂ ಒಡಿಲ್.

"ಬೇಡ ಮದಾಂ, ತೊಂದರೆ ತಗೋಬೇಡಿ. ನಂದು ಊಟ ಆಗಿದೆ," ಎಂದೆ.

ಇದನ್ನು ನಾನು ಯೋಚಿಸಿ ಹೇಳಲಿಲ್ಲ. ಕೋಗಿಲಿನಲ್ಲಿ ಹುಟ್ಟಿದ ಯಾರೇ ಆಗಲಿ, ಬೇರೆಯವರ ಮನೆಯಲ್ಲಿ ಮೊದಲ ಸಲ ಕರೆದಾಗ ಇದನ್ನೇ ಹೇಳುತ್ತಾರೆ. ಪಕ್ಕದ ಮನೆಯ ಗೌರಮ್ಮನವರು ಊಟಕ್ಕೆ ಏಳಿಸಿದರೆ ಮೊದಲು "ಈಗ ತಾನೇ ಆಯ್ತು" ಅನ್ನಬೇಕು. ಎರಡನೇ ಸಲ "ಅಯ್ಯೋ ಬ್ಯಾಡ ಕಣಕ್ಕ" ಅನ್ನಬೇಕು. ಅಷ್ಟರಲ್ಲಿ ಅವರು ತಟ್ಟೆ ಇಟ್ಟಿರುತ್ತಾರೆ. ಆಗ "ಒಂಚೂರೇ ಹಾಕಿ" ಎಂದು ಕೂತು ಹೊಟ್ಟೆ ತುಂಬ ಉಣ್ಣಬೇಕು. ಮೊದಲ ಕರೆಗೇ ಕೂತವರನ್ನು ಊಟ ಕಾಣದವರು ಎಂದು ಹಿಂದಿನಿಂದ ಆಡಿಕೊಳ್ಳುತ್ತಾರೆ. ಒಂದೇ ಸಲ ಕರೆದು ಸುಮ್ಮನಾದವರನ್ನು ಅದಕ್ಕಿಂತ ಹೆಚ್ಚು ಆಡಿಕೊಳ್ಳುತ್ತಾರೆ.

"ಬಿಯಾಂ," ಎಂದರು ಮದಾಂ ಒಡಿಲ್. ಸರಿ ಎಂದು ಅರ್ಥ. ಶುಭರಾತ್ರಿ ಹೇಳಿ, ಅಡುಗೆಮನೆಯ ಬಾಗಿಲು ಹಾಕಿಕೊಂಡರು.

ನಾನು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತೇ ಇದ್ದೆ, ಬಾಗಿಲು ಮತ್ತೆ ತೆರೆಯಬಹುದೆಂದು. ಆಮೇಲೆ ಕೋಣೆಗೆ ಹೋಗಿ ಅಮ್ಮ ಕಟ್ಟಿಕೊಟ್ಟ ಚಕ್ಕುಲಿಯ ಡಬ್ಬಿ ತೆಗೆದೆ. ಹಳೆಯ ಮನೆ, ಮರದ ನೆಲ, ಮೇಲೆ ಕೆಮ್ಮಿದರೂ ಕೆಳಗೆ ಕೇಳುತ್ತಿತ್ತು. ಊಟ ಆಗಿದೆ ಎಂದವಳು ಕಟಕಟ ಸದ್ದು ಮಾಡಿದರೆ ಮರ್ಯಾದೆ ಏನು? ಲೋಟದ ನೀರಿನಲ್ಲಿ ಚಕ್ಕುಲಿಯನ್ನು ನೆನೆಸಿ, ಮೆತ್ತಗಾದ ಮೇಲೆ ತಿಂದೆ. ನೆಂದ ಚಕ್ಕುಲಿಯಷ್ಟು ದರಿದ್ರ ತಿಂಡಿ ಈ ಲೋಕದಲ್ಲಿ ಇನ್ನೊಂದಿಲ್ಲ.

ಶನಿವಾರದ ಸಂತೆ

ಶನಿವಾರ ಬೆಳಿಗ್ಗೆ ಚರ್ಚಿನ ಮುಂದಿನ ಚೌಕದಲ್ಲಿ ಸಂತೆ ಕೂಡುತ್ತದೆ. ಯಶವಂತಪುರದ ಮಾರ್ಕೆಟ್ಟಿಗೆ ಅಪ್ಪನ ಜೊತೆ ಹೋಗಿ ಬೆಳೆದವಳು ನಾನು, ಸಂತೆ ನೋಡಿ ಜೀವ ಬಂತು. ಆದರೆ ಅಲ್ಲಿ ಯಾರೂ ಕೂಗುವುದಿಲ್ಲ. ಕ್ಯಾರೆಟ್ಟಿಗೆ ಸ್ನಾನ ಮಾಡಿಸಿ ಜಡೆ ಹಾಕಿದ ಹಾಗೆ ಕಟ್ಟಿ ಇಟ್ಟಿರುತ್ತಾರೆ. ಒಂದು ಅಂಗಡಿಯಲ್ಲಿ ಹುರುಳಿಕಾಯಿ ಕಂಡಿತು. ನೇರ ಹೋಗಿ ಒಂದನ್ನು ಎತ್ತಿ, ಎಳೆಯದೋ ಬಲಿತದ್ದೋ ಎಂದು ತುದಿ ಲಟಕ್ಕನೆ ಮುರಿದು ನೋಡಿದೆ.

ಅಂಗಡಿಯವನ ಮುಖ ನೋಡಿದರೆ ನಾನು ಅವನ ಬೆರಳನ್ನೇ ಮುರಿದೆನೇನೋ ಅನ್ನಿಸುತ್ತಿತ್ತು. "ಮದ್ಮುವಸೆಲ್, ಮೊದಲು ನಮಸ್ಕಾರ ಹೇಳುತ್ತಾರೆ. ಆಮೇಲೆ ಎಷ್ಟು ಬೇಕು ಅಂತ ನನ್ನನ್ನು ಕೇಳುತ್ತಾರೆ. ಮುಟ್ಟುವವನು ನಾನು." ಸಾಲಿನಲ್ಲಿದ್ದ ಹೆಂಗಸರೆಲ್ಲ ನನ್ನ ಕೈಯಲ್ಲಿದ್ದ ಎರಡು ತುಂಡು ಹುರುಳಿಕಾಯಿಯನ್ನೇ ನೋಡಿದರು. ಬೋಂಜೂರ್ ಎಂದೆ, ತಡವಾಗಿ. ಮುಖ ಬಿಸಿಯಾಗಿ, ಏನೂ ಕೊಳ್ಳದೆ ಬಂದುಬಿಟ್ಟೆ.

ಆ ಊರಿನಲ್ಲಿ ಬಸ್ ಹತ್ತಿದರೂ, ಔಷಧಿ ಅಂಗಡಿ ಹೊಕ್ಕರೂ ಮೊದಲು ಬೋಂಜೂರ್ ಅನ್ನಬೇಕು. ಅನ್ನದಿದ್ದರೆ ನಾವು ಕಾಣುವುದೇ ಇಲ್ಲ ಎಂಬಂತೆ ಇರುತ್ತಾರೆ. ಅದನ್ನು ಬೇಗ ಕಲಿತೆ, ದಿನಕ್ಕೆ ಎಷ್ಟೋ ಬೋಂಜೂರ್ ಹೇಳುತ್ತಿದ್ದೆ. ಕೆಲವು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ನನ್ನ ಬಾಯಿಂದ ಬಂದ ಮಾತು ಅದೊಂದೇ ಆಗಿರುತ್ತಿತ್ತು.

ಭಾನುವಾರಗಳು

ಮೊದಲ ಭಾನುವಾರಕ್ಕೆ ಮದಾಂ ಒಡಿಲ್ ಕರೆದರು. "ನಾಳೆ ಮಗ ಸೊಸೆ ಬರುತ್ತಾರೆ. ನೀವೂ ನಮ್ಮ ಜೊತೆ ಊಟಕ್ಕೆ ಬರುತ್ತೀರಾ?"

ನನ್ನ ಪ್ರಬಂಧವೇ ಕಾಲಿಗೆ ಬಂದು ತೊಡರಿಕೊಂಡಿತ್ತು. "ಅಯ್ಯೋ, ನಿಮ್ಮ ಮನೆಯವರ ಮಧ್ಯೆ ನಾನ್ಯಾಕೆ ಮದಾಂ, ಬೇಡ ಬೇಡ," ಎಂದೆ, ನಗುನಗುತ್ತಾ, ಎರಡನೇ ಸಲ ಕರೆಯುವುದಕ್ಕೆ ಸಾಕಷ್ಟು ಜಾಗ ಬಿಟ್ಟು.

"ಬಿಯಾಂ," ಎಂದರು.

ಮುಂದಿನ ವಾರವೂ ಕರೆದರು. ನಾನು ಬೇಡ ಎಂದೆ, ಅವರು ಸರಿ ಎಂದರು. ಅದರ ಮುಂದಿನ ವಾರ ಮೊಮ್ಮಗಳ ಹುಟ್ಟುಹಬ್ಬ, ಕೇಕ್ ಇರುತ್ತದೆ ಎಂದರು. ಈ ಸಲ ಖಂಡಿತ ಎರಡನೇ ಸಲ ಕರೆಯುತ್ತಾರೆ, ಹುಟ್ಟುಹಬ್ಬವಲ್ಲವೇ ಎಂದುಕೊಂಡು ಬೇಡ ಎಂದೆ. ಬೆಳಿಗ್ಗೆ ತಲೆಸ್ನಾನ ಮಾಡಿ, ಹಸಿರು ಚೂಡಿದಾರಕ್ಕೆ ಇಸ್ತ್ರಿ ಹಾಕಿ ತೊಟ್ಟುಕೊಂಡು, ಹಾಸಿಗೆಯ ಅಂಚಿನಲ್ಲಿ ಕೂತೆ. ಕೆಳಗೆ ಬಾಗಿಲು ತೆರೆದ ಸದ್ದು, ಮುತ್ತಿಕ್ಕುವ ಸದ್ದು, ಕುರ್ಚಿ ಎಳೆದ ಸದ್ದು. ಹುರಿದ ಕೋಳಿಯ ವಾಸನೆ ಮೆಟ್ಟಿಲು ಹತ್ತಿ ಬಂತು, ಕರೆಯುವವರು ಬರಲಿಲ್ಲ. ಹಾಡು ಹೇಳಿ ಚಪ್ಪಾಳೆ ತಟ್ಟಿದರು. ಚೂಡಿದಾರ ಬಿಚ್ಚಿ ಮಡಚಿಟ್ಟೆ. ಆಗ ಬಂದ ಅಳು ಬೇಗ ನಿಲ್ಲಲಿಲ್ಲ.

ಆಮೇಲೆ ಅವರು ಕರೆಯುವುದನ್ನೇ ಬಿಟ್ಟರು. ಸೊಮ್ಯೂರಿನಲ್ಲಿ ನಾನು ಹೋಗುತ್ತಿದ್ದ ಕಾಲೇಜಿನಲ್ಲೂ ಹಾಗೇ ಆಯಿತು. ಇರೇನಾ ಎಂಬ ಪೋಲೆಂಡಿನ ಹುಡುಗಿ, ನನ್ನ ಪಕ್ಕದಲ್ಲೇ ಕೂರುತ್ತಿದ್ದವಳು, ತರಗತಿ ಮುಗಿದ ಮೇಲೆ ಉಳಿದವರೊಡನೆ ಹೊರಡುತ್ತಾ "ಕಾಫಿಗೆ ಬರ್ತೀಯಾ?" ಎಂದು ಕೇಳುತ್ತಿದ್ದಳು. "ನೀವು ಹೋಗಿ, ಪರವಾಗಿಲ್ಲ," ಎನ್ನುತ್ತಿದ್ದೆ. ಹೋಗುತ್ತಿದ್ದರು. ನಮ್ಮ ಯಲಹಂಕದ ಕ್ಯಾಂಟೀನಾದರೆ "ಬಾರೇ ಸುಮ್ನೆ, ಬಿಲ್ಡಪ್ ಬೇಡ" ಎಂದು ಗೆಳತಿಯರು ಕೈಹಿಡಿದು ಎಳೆಯುತ್ತಿದ್ದರು. ಇಲ್ಲಿ ಯಾರೂ ಯಾರ ಕೈಯನ್ನೂ ಎಳೆಯುವುದಿಲ್ಲ.

ಭಾನುವಾರ ಆ ಊರು ಪೂರ್ತಿ ಬಾಗಿಲು ಹಾಕಿಕೊಳ್ಳುತ್ತದೆ. ಮಧ್ಯಾಹ್ನ ಬೀದಿಯಲ್ಲಿ ನಡೆದರೆ ಪ್ರತಿ ಕಿಟಕಿಯ ಹಿಂದೆ ಚಮಚ ತಟ್ಟೆಗಳ ಸದ್ದು, ನಗು. ನಾನು ಸಂಶೋಧನೆ ಮಾಡಬೇಕಾದ ವಸ್ತು ಗೋಡೆಯ ಆಚೆ ಗೇಣು ದೂರದಲ್ಲಿ ನಡೆಯುತ್ತಿತ್ತು. ನಾನು ಬೀದಿ ಸುತ್ತಿ ಬಂದು ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಳ್ಳುತ್ತಿದ್ದೆ. ಮೇಡಂ ಮೇಲ್ ಹಾಕಿ ಎಷ್ಟು ಮನೆಗೆ ಹೋದಿರಿ ಎಂದು ಕೇಳಿದರು. ಪ್ರಯತ್ನ ನಡೀತಿದೆ ಮೇಡಂ ಎಂದು ಬರೆದೆ. ಒಂದು ಮನೆಯೂ ಇರಲಿಲ್ಲ. ಪ್ರಬಂಧವಿಲ್ಲದೆ ವಾಪಸು ಹೋದರೆ ದೊಡ್ಡಪ್ಪನ ಪ್ರಶ್ನೆಗೆ ಉತ್ತರ ಸಿಕ್ಕ ಹಾಗೇ ಎಂದು ಹೆದರಿಕೆಯಾಗುತ್ತಿತ್ತು. ಅಪ್ಪ ಅವರ ಮುಂದೆ ತಲೆ ತಗ್ಗಿಸುವುದನ್ನು ಕಣ್ಣಮುಂದೆ ತಂದುಕೊಳ್ಳಲೂ ಆಗುತ್ತಿರಲಿಲ್ಲ.

ಅಮ್ಮನ ಜೊತೆ ಸ್ಕೈಪಿನಲ್ಲಿ ಮಾತಾಡುವಾಗ ಒಂದು ದಿನ ಹೇಳಿಯೇಬಿಟ್ಟೆ.

"ಊಟಕ್ಕೆ ಕರೆದ್ರಾ ಆಯಮ್ಮ?" ಎಂದಳು ಅಮ್ಮ.

"ಕರೆದ್ರು. ಆದ್ರೆ ಒಂದೇ ಸಲ."

ಅಮ್ಮ ಮುಖ ಗಂಟಿಕ್ಕಿದಳು. "ಒಂದ್ ಸಲ ಕರೆದ್ರೆ ಅದು ಕರೆದಂಗಾ? ಬಾಯ್ಮಾತ್ಗೆ ಕರೆಯೋದು ಅದು. ಓಗ್ಬ್ಯಾಡ ನೀನು. ಇಂಗೆ ಕರೆದ್ರೆ ನಾಯೂ ಬರಾಕಿಲ್ಲ."

ಅಪ್ಪ ಹಿಂದಿನಿಂದ ಇಣುಕಿ, "ಅಲ್ಲಿ ದ್ರಾಕ್ಷಿ ಬೆಳೀತಾರಂತಲ್ಲ, ಚಪ್ಪರ ಎಷ್ಟೆತ್ತರ ಆಕವ್ರೆ?" ಎಂದು ಕೇಳಿದರು. ಚಪ್ಪರವೇ ಇಲ್ಲ, ಸೊಂಟದೆತ್ತರಕ್ಕೆ ಸಾಲಾಗಿ ನಿಲ್ಲಿಸಿದ್ದಾರೆ ಎಂದೆ. ಅಪ್ಪ ನಂಬಲಿಲ್ಲ. ಮರುದಿನ ಗುಡ್ಡದ ಹಿಂದಿನ ದ್ರಾಕ್ಷಿ ತೋಟಗಳ ದಾರಿಯಲ್ಲಿ ನಡೆದು ಅಪ್ಪನಿಗಾಗಿ ಫೋಟೊ ತೆಗೆದೆ. ಕೊಯ್ಲು ಮುಗಿದು ಎಲೆಗಳು ಹಳದಿಯಾಗಿದ್ದವು. ನಮ್ಮ ತೋಟದಲ್ಲಿ ಚಪ್ಪರದ ಕೆಳಗೆ ನೆರಳಿನಲ್ಲಿ ನಡೆಯಬಹುದಿತ್ತು, ಬಗ್ಗಿದರೆ ಯಾರ ಕಣ್ಣಿಗೂ ಬೀಳದೆ ಕೂರಬಹುದಿತ್ತು. ಇಲ್ಲಿ ಎಷ್ಟು ದೂರ ನೋಡಿದರೂ ಬಯಲು, ಅದರ ಮಧ್ಯೆ ನಾನೊಬ್ಬಳು. ಮನೆಗೆ ಹೋಗಿಬಿಡಬೇಕು ಎಂದು ಅಲ್ಲಿ ನಿಂತು ತೀರ್ಮಾನಿಸಿದೆ. ಮೇಡಂಗೆ ಬರೆಯಬೇಕಾದ ವಾಕ್ಯಗಳನ್ನೂ ಮನಸ್ಸಿನಲ್ಲೇ ಜೋಡಿಸಿಕೊಂಡೆ.

ಮೆಣಸಿನ ಸಾರು

ಆ ಮೇಲ್ ಕಳಿಸುವ ಮೊದಲು ಮದಾಂ ಒಡಿಲ್‌ಗೆ ನೆಗಡಿಯಾಯಿತು. ಭಾನುವಾರ ಮಗನನ್ನೂ ಬರಬೇಡ ಎಂದಿದ್ದರು. ಬೆಳಿಗ್ಗೆಯಿಂದ ಕೆಳಗಿನಿಂದ ಕೆಮ್ಮಿನ ಸದ್ದು ಬಿಟ್ಟರೆ ಮನೆಯಲ್ಲಿ ಇನ್ನೇನೂ ಇಲ್ಲ. ಎಷ್ಟು ಸಿಟ್ಟಿದ್ದರೂ ಕೆಮ್ಮುವ ಮುದುಕಿಯ ಮನೆಯಲ್ಲಿ ಸುಮ್ಮನೆ ಕೂರುವುದು ನಮಗೆ ಬರುವುದಿಲ್ಲ. ಮೆಣಸು, ಜೀರಿಗೆ, ಬೆಳ್ಳುಳ್ಳಿ ಜಜ್ಜಿ, ಹುಣಸೆಹುಳಿ ಹಾಕಿ ಸಾರು ಕಾಯಿಸಿದೆ. ಪಾತ್ರೆ ಹಿಡಿದುಕೊಂಡು ಕೆಳಗಿಳಿದೆ.

ಅವರು ಅಡುಗೆಮನೆಯ ಮೇಜಿನ ಮುಂದೆ ಕಂಬಳಿ ಹೊದ್ದು ಕೂತಿದ್ದರು.

"ಕೆಮ್ಮಿಗೆ ಒಳ್ಳೇದು ಮದಾಂ. ಸ್ವಲ್ಪ ಕುಡೀರಿ," ಎಂದೆ.

"ತುಂಬ ಸಂತೋಷ. ಆದರೆ ಬೇಡ, ನನ್ನ ಊಟ ಆಯಿತು."

"ಪರವಾಗಿಲ್ಲ, ಒಂದೇ ಬಟ್ಟಲು."

"ಬೇಡ, ನಿಜವಾಗಿಯೂ."

"ಬಿಸಿ ಇರುವಾಗಲೇ ಕುಡೀಬೇಕು," ಎನ್ನುತ್ತಾ ಬಟ್ಟಲು ಹುಡುಕಿ, ಸಾರು ಬಗ್ಗಿಸಿ, ಅವರ ಮುಂದಿಟ್ಟು, ಕೈಗೆ ಚಮಚ ಕೊಟ್ಟೆ. ಗೌರಮ್ಮನವರು ಮಾಡುವುದನ್ನೇ ನಾನು ಮಾಡುತ್ತಿದ್ದೆ. ಆ ಮನೆಗೆ ಬಂದ ಮೇಲೆ ಮೊದಲ ಬಾರಿಗೆ ಒಂದು ಕೆಲಸ ಸರಿಯಾಗಿ ಮಾಡುತ್ತಿದ್ದೇನೆ ಅನ್ನಿಸಿ ಖುಷಿಯಾಗಿತ್ತು.

ಮದಾಂ ಒಡಿಲ್ ಚಮಚವನ್ನು ಮೇಜಿನ ಮೇಲಿಟ್ಟರು. ಮುಖ ಕೆಂಪಾಗಿತ್ತು. "ನಾನು ಬೇಡ ಎಂದೆ. ಮತ್ತೆ ಬೇಡ ಎಂದೆ. ನಾನು ಹೇಳಿದ್ದನ್ನು ನೀವು ಯಾಕೆ ನಂಬುವುದಿಲ್ಲ?"

ಕಣ್ಣು ತುಂಬಿಕೊಂಡಿತು. ಸಿಟ್ಟೂ ಬಂತು, ಇಷ್ಟು ದಿನ ನುಂಗಿಕೊಂಡಿದ್ದ ಸಿಟ್ಟು. "ನಮ್ಮೂರಲ್ಲಿ ಬೇಡ ಅಂದ್ರೆ ಯಾರೂ ನಂಬೋದಿಲ್ಲ ಮದಾಂ. ನಂಬಿದ್ರೆ ಅವಮಾನ. ಮೂರು ಸಲವಾದ್ರೂ ಕರೀಬೇಕು. ನೀವು ಒಂದು ಸಲವೂ ಎರಡನೇ ಸಲ ಕರೀಲಿಲ್ಲ."

ಅವರು ನನ್ನನ್ನೇ ನೋಡಿದರು. ಪಾಠ ಹೇಳಿದವರಲ್ಲವೇ, ಒಂದೊಂದಾಗಿ ಕೇಳಿದರು.

"ಬಂದ ದಿನ ಸಂಜೆ, ನಿಮ್ಮ ಊಟ ಆಗಿರಲಿಲ್ಲವೇ?"

"ಇಲ್ಲ. ಹಸಿವಾಗಿತ್ತು."

"ಮೊದಲ ಭಾನುವಾರ?"

"ಬರಬೇಕು ಅಂತ ಆಸೆ ಇತ್ತು."

"ಮೊಮ್ಮಗಳ ಹುಟ್ಟುಹಬ್ಬ?"

"ಬಟ್ಟೆಗೆ ಇಸ್ತ್ರಿ ಹಾಕ್ಕೊಂಡು ಮೇಲೆ ಕೂತಿದ್ದೆ."

ಮದಾಂ ಒಡಿಲ್ ಸ್ಕಾರ್ಫಿನ ತುದಿಯಿಂದ ಬಾಯಿ ಒರೆಸಿಕೊಂಡರು. ಆಮೇಲೆ ನಿಧಾನವಾಗಿ ಹೇಳಿದರು. "ನಾನು ಅಂದುಕೊಂಡಿದ್ದೆ, ಈ ಹುಡುಗಿಗೆ ಒಬ್ಬಳೇ ಇರುವುದು ಇಷ್ಟ ಎಂದು. ಎರಡನೇ ಸಲ ಕೇಳಿದರೆ ನಿಮ್ಮನ್ನು ಒತ್ತಾಯಿಸಿದ ಹಾಗಾಗುತ್ತದೆ. ನಿಮಗೆ ತೊಂದರೆಯಾಗಬಾರದೆಂದು ಮಗನ ಹತ್ತಿರ ಮೆತ್ತಗೆ ಮಾತಾಡು ಎನ್ನುತ್ತಿದ್ದೆ. ನಾನು ಮೆಟ್ಟಿಲ ಹತ್ತಿರ ಹೋಗುವಾಗ ಚಪ್ಪಲಿ ಬಿಟ್ಟು ನಡೆಯುತ್ತಿದ್ದೆ."

ಇಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ತೋರಿಸುತ್ತಾ ಒಂದೇ ಮನೆಯಲ್ಲಿ ಇಷ್ಟು ವಾರ ಒಂಟಿಯಾಗಿದ್ದೆವು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅವರು ಬಟ್ಟಲನ್ನು ನೋಡಿದರು. "ಈಗ ನಾನು ಇದನ್ನು ಕುಡಿಯಲೇಬೇಕೇ?"

"ಬೇಡ ಮದಾಂ. ಬಿಡಿ."

"ಇದು ನಂಬಬಹುದಾದ 'ಬೇಡ'ವೇ?" ಎಂದು ಕೇಳಿ, ಒಂದು ಚಮಚ ಬಾಯಿಗೆ ಹಾಕಿಕೊಂಡರು. ಮೆಣಸು ನೆತ್ತಿಗೆ ಹತ್ತಿ, ಇದ್ದ ಕೆಮ್ಮು ಇನ್ನೂ ಜಾಸ್ತಿಯಾಯಿತು. ನೀರು ಕೊಟ್ಟು ಬೆನ್ನು ಸವರಿದೆ. ಅದಕ್ಕೆ ಅವರು ಬೇಡ ಅನ್ನಲಿಲ್ಲ.

ಮೇಜು

ಮುಂದಿನ ಶನಿವಾರ ಮದಾಂ ಒಡಿಲ್ ಮಹಡಿ ಹತ್ತಿ ಬಂದು ಬಾಗಿಲು ತಟ್ಟಿದರು. "ನಾಳೆ ಊಟಕ್ಕೆ ಬನ್ನಿ. ನಾನು ಒಂದೇ ಸಲ ಕರೆಯುತ್ತೇನೆ."

"ಬರ್ತೀನಿ," ಎಂದೆ. ಹೇಳಲು ಎಷ್ಟು ಕಷ್ಟವಾಯಿತು ಎಂದರೆ ಕಿವಿ ಬಿಸಿಯಾಯಿತು. ಊಟ ಕಾಣದವಳಂತೆ ಅನ್ನಿಸಿತು. ಅಮ್ಮ ಪಕ್ಕದಲ್ಲಿದ್ದಿದ್ದರೆ ತೊಡೆ ಜಿಗುಟುತ್ತಿದ್ದಳು.

ಆ ಊಟದ ಬಗ್ಗೆ ಪ್ರಬಂಧದಲ್ಲಿ ಪುಟಗಟ್ಟಲೆ ಬರೆದಿದ್ದೇನೆ, ಇಲ್ಲಿ ಸ್ವಲ್ಪ ಮಾತ್ರ. ಎಲ್ಲವನ್ನೂ ಒಟ್ಟಿಗೆ ಬಡಿಸುವುದಿಲ್ಲ, ಒಂದು ಮುಗಿದ ಮೇಲೆ ಇನ್ನೊಂದು. ಆ ಕಡೆಯ ಕಲ್ಲುಗುಹೆಗಳಲ್ಲಿ ಬೆಳೆಸುವ ಅಣಬೆ ಮೊದಲು, ಕೋಳಿ ಆಮೇಲೆ, ಸೊಪ್ಪು ಅದಾದ ಮೇಲೆ, ಚೀಸು, ಕೊನೆಗೆ ಸೇಬಿನ ಸಿಹಿ. ಬ್ರೆಡ್ಡನ್ನು ತಟ್ಟೆಯಲ್ಲಿಡದೆ ಮೇಜಿನ ಬಟ್ಟೆಯ ಮೇಲೆ ಹಾಗೇ ಇಡುತ್ತಾರೆ. ನಾನು ಉದ್ದನೆಯ ಬ್ರೆಡ್ಡನ್ನು ಬೋರಲು ಇಟ್ಟಾಗ ಮಗ ಪಿಯೆರ್ ಮಾತಾಡುತ್ತಲೇ ಕೈಚಾಚಿ ಅದನ್ನು ನೆಟ್ಟಗೆ ತಿರುಗಿಸಿದ. ಬೋರಲಿಟ್ಟರೆ ಕೆಡುಕಂತೆ. ಚಪ್ಪಲಿ ಬೋರಲು ಬಿದ್ದರೆ ನಮ್ಮ ಮನೆಯಲ್ಲಿ ಜಗಳ ಎನ್ನುತ್ತೇವೆ ಎಂದು ಹೇಳಿದೆ, ಎಲ್ಲರೂ ನಕ್ಕರು. ಊಟ ಮಾಡುತ್ತಾ ಅವರು ಮಾತಾಡುವುದು ಊಟದ ಬಗ್ಗೆಯೇ. ನಮ್ಮಲ್ಲಿ ಉಣ್ಣುವಾಗ ಜಮೀನಿನ ಬಗ್ಗೆ ಮಾತಾಡುತ್ತೇವೆ, ಈಗ ಜಮೀನಿಲ್ಲದಿದ್ದರೂ.

ಕೋಳಿಯ ಪಾತ್ರೆ ಎರಡನೇ ಸಲ ಬಂದಾಗ ಅಭ್ಯಾಸಬಲದಿಂದ ಬೇಡ ಎಂದುಬಿಟ್ಟೆ. ಪಿಯೆರ್ ಪಾತ್ರೆಯನ್ನು ಮುಂದೆ ಸಾಗಿಸುವುದರಲ್ಲಿದ್ದ. ಮದಾಂ ಒಡಿಲ್ ಬೆರಳೆತ್ತಿ ಅವನನ್ನು ತಡೆದರು. "ತಾಳು. ಇವರ ಊರಿನಲ್ಲಿ ಮೂರು ಸಲ ಕೇಳಬೇಕು," ಎಂದು, ಮಕ್ಕಳಿಗೆ ದೇಶಗಳ ರಾಜಧಾನಿ ಹೇಳಿಕೊಡುವವರ ಗತ್ತಿನಲ್ಲಿ ನನ್ನತ್ತ ತಿರುಗಿ ಎರಡನೇ ಸಲ ಕೇಳಿದರು, ಮೂರನೇ ಸಲವೂ ಕೇಳಿದರು. ಮೂರನೆಯದಕ್ಕೆ ನಾನು ತಟ್ಟೆ ಚಾಚಿದೆ.

ಮದಾಂ ಒಡಿಲ್ ಹೇಳಿದ ಮೇಲೆ ಅವರ ಬೀದಿಯವರು, ಗೆಳತಿಯರು ಒಬ್ಬೊಬ್ಬರಾಗಿ ನನ್ನನ್ನು ಭಾನುವಾರಕ್ಕೆ ಕರೆದರು. ಪ್ರಬಂಧ ಬೆಳೆಯಿತು. ಇರೇನಾಳಿಗೂ ಈ ಕಥೆ ಹೇಳಬೇಕೆಂದುಕೊಂಡೆ, ಅಷ್ಟರಲ್ಲಿ ಅವಳು ಬೇರೆ ಗುಂಪಿನವಳಾಗಿದ್ದಳು. ಕಾರಿಡಾರಿನಲ್ಲಿ ಕಂಡರೆ ಕೈಬೀಸುತ್ತಿದ್ದಳು, ಅಷ್ಟೇ. ತಡವಾಗಿ ಬಂದ ಬುದ್ಧಿ ಎಲ್ಲವನ್ನೂ ಸರಿಮಾಡುವುದಿಲ್ಲ. ಡಿಸೆಂಬರಿನಲ್ಲಿ ಸಂಜೆ ಐದಕ್ಕೇ ಕತ್ತಲಾಗುತ್ತಿತ್ತು. ವಾರವೆಲ್ಲ ಕೋಣೆಯಲ್ಲಿ ಒಬ್ಬಳೇ ಕೂತು ಭಾನುವಾರಕ್ಕಾಗಿ ಕಾಯುತ್ತಿದ್ದೆ.

ಸ್ಟೇಷನ್

ಹೊರಡುವ ದಿನ ಮದಾಂ ಒಡಿಲ್ ಎರಡೂ ಸೇತುವೆ ದಾಟಿ ನನ್ನೊಡನೆ ಸ್ಟೇಷನ್ನಿನವರೆಗೆ ನಡೆದು ಬಂದರು. ಜನವರಿಯ ಚಳಿ, ನದಿಯ ಮೇಲೆ ಮಂಜು. ಪ್ಲಾಟ್‌ಫಾರ್ಮಿನಲ್ಲಿ ನನ್ನ ಎರಡೂ ಕೆನ್ನೆಗೆ ಕೆನ್ನೆ ತಾಗಿಸಿ ಹೇಳಿದರು. "ಬೇಸಿಗೆಯಲ್ಲಿ ಮತ್ತೆ ಬನ್ನಿ. ನದಿಯಲ್ಲಿ ದೋಣಿ ಹತ್ತಬಹುದು. ಜುಲೈನಲ್ಲಿ ಬರುತ್ತೀರಾ?"

"ಖಂಡಿತ ಬರ್ತೀನಿ ಮದಾಂ," ಎಂದೆ.

ಕಳಿಸಿಕೊಡಲು ಬಂದವರು ಮತ್ತೆ ಬಾ ಎಂದರೆ ಬರುತ್ತೇನೆ ಅನ್ನುವುದು ಬಿಟ್ಟು ಬೇರೇನು ಹೇಳುತ್ತಾರೆ? ಕೋಗಿಲಿನಲ್ಲಿ ಪ್ರತಿ ಹೊಸಿಲಲ್ಲೂ ಹೇಳುತ್ತೇವೆ. ಮುಂದಿನ ವಾರ ಬರ್ತೀವಿ, ಹಬ್ಬಕ್ಕೆ ಬರ್ತೀವಿ, ಬಂದು ಎರಡು ದಿನ ಇರ್ತೀವಿ. ಹೇಳಿದವರೂ ಮರೆಯುತ್ತಾರೆ, ಕೇಳಿಸಿಕೊಂಡವರೂ ಮರೆಯುತ್ತಾರೆ, ಯಾರಿಗೂ ಬೇಜಾರಿಲ್ಲ. ರೈಲು ಬಂತು. ಮದಾಂ ಒಡಿಲ್ "ಬಿಯಾಂ" ಎಂದು ತಲೆಯಾಡಿಸಿದರು. ಅಷ್ಟು ತಿಂಗಳು ಅವರ ಮನೆಯಲ್ಲಿದ್ದೂ ಆ ಪದವನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಮತ್ತೆ ಕೋಗಿಲು

ಪ್ರಬಂಧ ಮೇಡಂಗೆ ಹಿಡಿಸಿತು, ಮೇ ತಿಂಗಳಲ್ಲಿ ಡಿಗ್ರಿಯೂ ಮುಗಿಯಿತು. ಹೆಬ್ಬಾಳದ ಹತ್ತಿರ ಒಂದು ಕಚೇರಿಯಲ್ಲಿ ಫ್ರೆಂಚ್ ಗಿರಾಕಿಗಳ ಜೊತೆ ಫೋನಿನಲ್ಲಿ ಮಾತಾಡುವ ಕೆಲಸ ಸಿಕ್ಕಿತು. ದೊಡ್ಡಪ್ಪ ಈಗ ನನ್ನನ್ನು ಫ್ರೆಂಚ್ ಮೇಡಂ ಎನ್ನುತ್ತಾರೆ. ಅಪ್ಪ ಅಂಗಡಿಗೆ ಬಂದವರಿಗೆಲ್ಲ ಚಪ್ಪರವಿಲ್ಲದ ದ್ರಾಕ್ಷಿ ತೋಟದ ಫೋಟೊ ತೋರಿಸುತ್ತಾರೆ.

ಜೂನ್ ತಿಂಗಳ ಒಂದು ಭಾನುವಾರ ನಾವು ಊಟಕ್ಕೆ ಕೂರುವ ಹೊತ್ತಿಗೆ ನನ್ನ ಫೋನ್ ಹೊಡೆದುಕೊಂಡಿತು. ಮದಾಂ ಒಡಿಲ್. ಯೋಗಕ್ಷೇಮ ಕೇಳಿದರು, ಕೋಗಿಲಿನಲ್ಲಿ ಮಳೆ ಶುರುವಾಯಿತೇ ಎಂದು ಕೇಳಿದರು. ಆಮೇಲೆ, ತೀರಾ ಮಾಮೂಲಾಗಿ, "ಜುಲೈನಲ್ಲಿ ಯಾವ ರೈಲಿಗೆ ಬರುತ್ತೀರಿ? ಸ್ಟೇಷನ್ನಿಗೆ ಪಿಯೆರ್ ಕಾರು ತರುತ್ತಾನೆ," ಎಂದರು. ಬೇಸಿಗೆಗೆ ಬೇರೆ ಹುಡುಗಿಯೊಬ್ಬಳು ಕೋಣೆ ಕೇಳಿದ್ದಳಂತೆ, ನಾನು ಬರುತ್ತೇನೆ ಎಂದಿದ್ದರಿಂದ ಕೊಡಲಿಲ್ಲವಂತೆ. ಕೋಣೆಗೆ ಹೊಸ ಪರದೆ ಹೊಲಿಸಿದ್ದರಂತೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ, ರಜೆ ಇಲ್ಲ. ವೀಸಾ ಇಲ್ಲ. ಹೋಗುವ ಯೋಚನೆಯನ್ನೇ ನಾನು ಮಾಡಿರಲಿಲ್ಲ. ಅಮ್ಮನ ಮುಖ ನೋಡಿದೆ. ಫೋನಿನ ಬಾಯಿ ಮುಚ್ಚಿ ವಿಷಯ ಹೇಳಿದೆ.

"ನೋಡಾಣ ಅಂತ ಏಳು, ಬರ್ತೀನಿ ಅಂತ್ಲೇ ಏಳು," ಎಂದು ಅಮ್ಮ ಪಿಸುಗುಟ್ಟಿದಳು. "ಪಾಪ, ವಯಸ್ಸಾದೋರು. ಮುಖಕ್ಕೆ ಒಡ್ದಂಗೆ ಇಲ್ಲ ಅನ್ಬ್ಯಾಡ."

ಬರ್ತೀನಿ ಎಂದರೆ ಅವರು ಪಿಯೆರ್‌ಗೆ ಹೇಳುತ್ತಾರೆ. ನೋಡೋಣ ಎಂದರೆ ನೋಡುತ್ತಾ ಕೂರುತ್ತಾರೆ. ಕಾಯುವುದು ಹೇಗಿರುತ್ತದೆ ಎಂದು ಆ ಮನೆಯ ಮಹಡಿಯ ಮೇಲೆ ಕೂತವಳಿಗೆ ಗೊತ್ತು. ಫೋನನ್ನು ಕಿವಿಗೆ ಇಟ್ಟುಕೊಂಡೆ.

"ಇಲ್ಲ ಮದಾಂ. ನಾನು ಬರುವುದಿಲ್ಲ."

ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ಅವರ ದನಿ ಬಂತು, ಜಾಗರೂಕವಾಗಿ, ತಪ್ಪಾಗಬಾರದೆಂದು ಪಾಠ ಒಪ್ಪಿಸುವವರ ಹಾಗೆ. "ನಿಮ್ಮ ಊರಿನ ಪದ್ಧತಿ ನನಗೆ ನೆನಪಿದೆ. ಎರಡನೇ ಸಲ ಕರೆಯುತ್ತಿದ್ದೇನೆ. ಬನ್ನಿ."

"ಆಗುವುದಿಲ್ಲ ಮದಾಂ."

"ಸ್ವಲ್ಪ ದಿನಕ್ಕಾದರೂ ಬನ್ನಿ. ಇದು ಮೂರನೆಯ ಸಲ."

ಅಮ್ಮ ನನ್ನ ಭುಜ ಅಲುಗಾಡಿಸುತ್ತಿದ್ದಳು. ಅಪ್ಪ ತಟ್ಟೆಯ ಮುಂದೆ ಕೈ ಒಣಗಿಸಿಕೊಂಡು ಕೂತಿದ್ದರು. ಅಮ್ಮನ ಕೈಯನ್ನು ಮೆಲ್ಲಗೆ ಸರಿಸಿದೆ.

"ಇಲ್ಲ," ಎಂದೆ.

"ಬಿಯಾಂ," ಎಂದರು ಮದಾಂ ಒಡಿಲ್. ನಾನು ಹೇಳಿದ್ದನ್ನು ನಂಬಿದರು.